ಶಾಂತವ್ವನವರು ಕೊಟ್ಟ ಮೊದಲ ಗುದ್ದು

ಮಾನ್ಯರೇ, ಸಿಂದಗಿಯ ನಮ್ಮ ಮನೆಯಲ್ಲಿ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟ ದಿನ ನನ್ನ ಮಗಳು ತನ್ನ ಅಣ್ಣನ ಕೂಸಿನ ಕಿವಿಯಲ್ಲಿ ಹೆಸರು ಉಸುರಿದಳು. ಪದ್ಧತಿಯಂತೆ ಆ ಕ್ಷಣವೇ ಹೆಂಗಸರು ಸೋದರತ್ತೆಯ ಬೆನ್ನಿಗೆ ಗುದ್ದತಕ್ಕದ್ದು. ಆದರೆ ಯಾರ ಕೈಯೂ ಏಳಲಿಲ್ಲ. ದೇಶವೇ ಕಣ್ಣೀರಿಟ್ಟ ದಾಳಿಯಲ್ಲಿ ಯೋಧ ಮಗನನ್ನು ಕಳೆದುಕೊಂಡ ನೆರೆಮನೆಯ ಶಾಂತವ್ವನವರು ಆ ಬಳಿಕ ಮೊದಲ ಬಾರಿಗೆ ಶುಭಕಾರ್ಯಕ್ಕೆ ಬಂದಿದ್ದರು. ಅವರೆದುರು ನಗಲು ಎಲ್ಲರಿಗೂ ಸಂಕೋಚ.

"ಯಾಕ್ರವ್ವಾ, ಕೈಯಾಗ ಕಸುವಿಲ್ಲೇನು? ನನ್ನ ಮಗನ್ನ ತೊಟ್ಟಲಕ್ಕ ಹಾಕಿದಾಗ ಅವನ ಅತ್ತಿ ಬೆನ್ನ ಬಾತಿತ್ತು!" ಎನ್ನುತ್ತ ಅವರೇ ನನ್ನ ಮಗಳಿಗೆ ಮೊದಲ ಗುದ್ದು ಕೊಟ್ಟರು.

"ಸಾಕ್ರೀ ಕಾಕು!" ಎಂದು ಮಗಳು ಕೂಗಿದಳು; ಮನೆಯೆಲ್ಲ ನಕ್ಕಿತು.

ಮೊಮ್ಮಗಳು ಈಗ ಶಾಲೆಗೆ ಹೋಗುತ್ತಾಳೆ. ವಿನಯಪೂರ್ವಕವಾಗಿ ತಿಳಿಸುವುದೇನೆಂದರೆ, ಹುತಾತ್ಮರ ನೆನಪಿಗೆ ಊರವರೊಂದಿಗೆ ಮೌನವಾಗಿ ನಿಂತಾಗಲೆಲ್ಲ, ಅಲ್ಲಿಟ್ಟ ಆ ಯೋಧನ ಸಮವಸ್ತ್ರದ ಭಾವಚಿತ್ರದಲ್ಲಿ ನನಗೆ ಶಾಂತವ್ವನವರ ತೊಟ್ಟಿಲ ಕೂಸೇ ಕಾಣುತ್ತದೆ.