ನಕ್ಷೆಯಲ್ಲಿ ಇಲ್ಲದ ಹಳ್ಳ

2008ರಲ್ಲಿ ನಾನು ಹೊಸಪೇಟೆಯಲ್ಲಿ ಸಹಾಯಕ ಪರಿಸರ ಅಧಿಕಾರಿಯಾಗಿದ್ದೆ. ಸಂಡೂರು ತಾಲ್ಲೂಕಿನ ಒಂದು ಗಣಿ ಕಂಪನಿ ವಿಸ್ತರಣೆಗೆ ಅರ್ಜಿ ಹಾಕಿತ್ತು. ಪರಿಸರ ಅನುಮತಿಗೆ ಮೊದಲು ಊರಿನಲ್ಲಿ ಅಹವಾಲು ಸಭೆ ನಡೆಸಿ, ಜನ ಹೇಳಿದ್ದನ್ನೆಲ್ಲ ಬರೆದು, ಸಭೆಯ ಕೊನೆಗೆ ಅವರಿಗೇ ಕನ್ನಡದಲ್ಲಿ ಓದಿ ಹೇಳಬೇಕೆಂಬುದು ನಿಯಮ. ಆ ನಡಾವಳಿ ಬರೆಯುವ ಕೆಲಸ ನನ್ನದು.

ಸಭೆಯ ದಿನ ಬೆಳಿಗ್ಗೆ ನನ್ನ ಮೇಲಧಿಕಾರಿ ಒಂದು ಫೈಲ್ ಕೈಗಿಟ್ಟರು. ಇನ್ನೂ ನಡೆಯದ ಸಭೆಯ ನಡಾವಳಿ ಅದರಲ್ಲಿ ಟೈಪಾಗಿತ್ತು: ಯಾರೂ ಆಕ್ಷೇಪಿಸಲಿಲ್ಲ.

"ಇದನ್ನ ಓದ್ರಿ, ಸಾಕು. ನಿಮ್ಮ ಪ್ರಮೋಷನ್ ಫೈಲು ನನ್ನ ಟೇಬಲ್ ಮ್ಯಾಲೇ ಐತಿ, ಮರೀಬ್ಯಾಡ್ರಿ" ಎಂದರು.

ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಮೆಣಸಿನಕಾಯಿ ಬೆಳೆಯುವ ಹುಲಿಗೆಮ್ಮ ಎಂಬಾಕೆ ಎದ್ದು ನಿಂತು, "ಕಂಪನಿ ನಕ್ಷಾದಾಗ ನಮ್ಮ ಹಳ್ಳ ಎಲ್ಲೈತ್ರಿ?" ಎಂದು ಕೇಳಿದಳು.

ಅಲ್ಲಿ ಹಳ್ಳವೇ ಇಲ್ಲವೆಂದು ಕಂಪನಿಯ ಮ್ಯಾನೇಜರ್ ಹೇಳಿದ.

"ಇಲ್ಲಾಂದ್ರ ನಡೀರಿ, ತೋರಸ್ತೀನಿ. ಶಾಲಿ ಹಿಂದನ ಐತಿ. ಈಗ ದನ ನೀರು ಕುಡಿಯಾಕತ್ತಾವ."

ಜನ ನಕ್ಕರು. ವೇದಿಕೆಯಿಂದ ಯಾರೂ ಏಳಲಿಲ್ಲ. ಆಕೆ ನನ್ನತ್ತ ತಿರುಗಿದಳು: "ನಾ ಹೇಳಿದ್ದು ಬರ್ಕೊಂಡ್ರೇನ್ರಿ ಮೇಡಂ?"

"ಬರ್ಕೊಂಡೀನಮ್ಮ."

ಕೊನೆಗೆ ಓದುವ ಸರದಿ ಬಂತು. ಮೇಲಧಿಕಾರಿ ಟೈಪಾದ ಹಾಳೆಗಳನ್ನು ನನ್ನ ಮುಂದೆ ಸರಿಸಿದರು. ಅವನ್ನು ಬದಿಗಿಟ್ಟು, ನಾನೇ ಬರೆದದ್ದನ್ನು ಮೈಕಿನಲ್ಲಿ ಓದತೊಡಗಿದೆ. "ಮೈಕ್ ಬಂದ್ ಮಾಡ್ಸ್ರಿ" ಎಂದು ಅವರು ಪಿಸುಗುಟ್ಟಿದ್ದು ಮೈಕಿನಲ್ಲೇ ಕೇಳಿಸಿತು. ಮುಂದಿನ ಸಾಲಿನವರು ಎದ್ದು, "ಓದ್ಲಿ ಬಿಡ್ರಿ!" ಎಂದು ಕೂಗಿದರು. ಹಳ್ಳದ ಮಾತನ್ನೂ ಬಿಡದೆ ಓದಿ ಮುಗಿಸಿದೆ.

ಸಭೆಯ ಅಧ್ಯಕ್ಷತೆ ವಹಿಸಿದ್ದ ಹಿರಿಯ ಕಂದಾಯ ಅಧಿಕಾರಿ ಜನರನ್ನೇ ಕೇಳಿದರು: "ನೀವು ಹೇಳಿದ್ದು ಇದೇ ಏನ್ರಿ?"

"ಹೌದ್ರಿ!"

ಇಡೀ ಊರು ಒಪ್ಪಿದ ಮೇಲೆ ಅವರಿಗೆ ಬೇರೆ ದಾರಿ ಇರಲಿಲ್ಲ. ನನ್ನ ಕೈಬರಹದ ಹಾಳೆಗಳಿಗೇ ಸಹಿ ಹಾಕಿದರು.

ಆ ನಡಾವಳಿ ನೋಡಿ, ಅನುಮತಿ ಕೊಡುವ ಸಮಿತಿ ಕಂಪನಿಯ ಪ್ರಸ್ತಾವವನ್ನು ಹಿಂದಕ್ಕೆ ಕಳಿಸಿತು. ಮರುಸರ್ವೆಯಲ್ಲಿ ಹಳ್ಳ ನಕ್ಷೆಗೆ ಸೇರಿತು. ಅದರ ದಂಡೆಯಲ್ಲಿ ಗಣಿಯ ಮಣ್ಣು ಸುರಿಯುವ ಯೋಜನೆಯನ್ನು ಕಂಪನಿ ಕೈಬಿಡಬೇಕಾಯಿತು. ನನ್ನ ಬಡ್ತಿ ಮೂರು ವರ್ಷ ತಡವಾಯಿತು. ಸುತ್ತಲಿನ ಎಷ್ಟೋ ಹಳ್ಳಗಳು ಮುಚ್ಚಿಹೋದ ಕಾಲವದು. ಅವನ್ನೆಲ್ಲ ಉಳಿಸಿದೆನೆಂದು ನಾನು ಹೇಳಲಾರೆ. ಈ ಒಂದರ ಬಗ್ಗೆ ಮಾತ್ರ ಎದೆಯುಬ್ಬಿಸಿ ಹೇಳುತ್ತೇನೆ.

ಪರಿಸರ ಕಾಯುವ ಕಾನೂನು ನಮ್ಮಲ್ಲಿ ಆಗಲೂ ಇತ್ತು. ಯಾರ ಸಲುವಾಗಿ ಬರೆದಿದ್ದಾರೋ ಅವರ ಕಿವಿಗೆ ಬೀಳುವಂತೆ ಅದನ್ನು ನಡೆಸಿದರೆ, ಕೆಳಗಿನ ನೌಕರಳಿಗೂ ಅದು ಬೆನ್ನಿಗೆ ನಿಲ್ಲುತ್ತದೆಂದು ನಾನು ಕಲಿತದ್ದು ಆ ಶಾಮಿಯಾನದ ಕೆಳಗೆ.