ಗುಂಡಯ್ಯ ಭಾವನ ಕೊನೇ ಪೆಟ್ರೋಲ್ ಕಾರು

ನಾನು ಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಹೊಂಗಡಹಳ್ಳದ ಕಡೆ ಯಾರನ್ನು ಕೇಳಿದರೂ ಹೇಗಿದ್ದರೂ ಹೇಳುತ್ತಾರೆ. ಎಸ್ಟೇಟಿನಲ್ಲಿ ರೈಟರ್ ಆಗಿ ಇಪ್ಪತ್ತೆರಡು ವರ್ಷ ಆಳುಗಳ ಹಾಜರಿ ಬರೆದಿದ್ದೇನೆ. ಇವತ್ತಿಗೂ ಜೋರಾಗಿ ಗುಡುಗಿದರೆ ಸ್ಟೋರಿನೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ. ಆಳುಗಳು ನಗುತ್ತಾರೆ, ನಗಲಿ. ಇಂಥವನೂ ಈ ಗುಡ್ಡದಲ್ಲಿ ಇಷ್ಟು ವರ್ಷ ಬದುಕಿದ್ದಾನೆಂದರೆ ಅದಕ್ಕೆ ಕಾರಣ ನಮ್ಮ ಗುಂಡಯ್ಯ ಭಾವ.

ಭಾವ ಎಂದರೆ ನನ್ನ ಅಕ್ಕ ಗಂಗಾಮಣಿಯ ಗಂಡ. ಡಾಂಬರು ರಸ್ತೆಯಿಂದ ಮೂರು ಕಿಲೋಮೀಟರ್ ಮೇಲೆ ನಮ್ಮ ಹದಿನಾಲ್ಕು ಮನೆಗಳಿವೆ. ಅಲ್ಲಿಗೆ ಬಸ್ಸಿಲ್ಲ, ಆಟೋದವರು ಬರುವುದಿಲ್ಲ, ಆಂಬುಲೆನ್ಸಿನವರು ಕೆಳಗೇ ನಿಂತು ಫೋನ್ ಮಾಡುತ್ತಾರೆ. ಹಾವು ಕಚ್ಚಲಿ, ಹೆರಿಗೆ ನೋವು ಬರಲಿ, ಮೆಣಸು ಕೊಯ್ಯುವಾಗ ಯಾರಾದರೂ ಏಣಿಯಿಂದ ಬೀಳಲಿ, ಭಾವನ ಜೀಪೇ ಗತಿ. ಒಂದು ಕಡೆ ಪ್ರಪಾತ, ಇನ್ನೊಂದು ಕಡೆ ಕುಸಿಯುವ ಮಣ್ಣು, ನಡುವೆ ಕಲ್ಲು ಎದ್ದ ದಾರಿ. ಆ ದಾರಿಯಲ್ಲಿ ಭಾವ ಬೀಡಿ ಕಚ್ಚಿಕೊಂಡು, ಮಳೆಯಲ್ಲೂ ಮಂಜಿನಲ್ಲೂ ಒಂದೇ ಸಮನೆ ಇಳಿಸುತ್ತಿದ್ದರು. ಅವರಿಗೆ ಹೆದರಿಕೆ ಎಂಬುದೇ ಇರಲಿಲ್ಲ. ಅವರ ಆ ಧೈರ್ಯವೇ ನಮ್ಮೂರಿನ ರಸ್ತೆಯಾಗಿತ್ತು ಎಂದರೂ ತಪ್ಪಲ್ಲ.

ಇಪ್ಪತ್ತೊಂದನೇ ವಯಸ್ಸಿಗೆ ಭಾವ ಹರಾಜಿನಲ್ಲಿ ಒಂದು ಹಳೇ ಪೆಟ್ರೋಲ್ ಜೀಪು ಹಿಡಿದು, ವನಗೂರಿನ ಕಡೆ ಏಲಕ್ಕಿ ಮೂಟೆ, ಆಳುಗಳನ್ನು ಸಾಗಿಸುತ್ತಿದ್ದರು. ಕೆಲವು ವರ್ಷಗಳಾದ ಮೇಲೆ ಎಲ್ಲರೂ ಮಾಡಿದಂತೆ ಅದರ ಪೆಟ್ರೋಲ್ ಇಂಜಿನ್ ಕಿತ್ತು ಡೀಸೆಲ್ ಇಂಜಿನ್ ಕೂರಿಸಿದರು. ಡೀಸೆಲ್ ಅಗ್ಗವಿತ್ತು, ಬೇರೆ ದಾರಿಯಿರಲಿಲ್ಲ. ಆದರೆ ಕಿತ್ತ ಇಂಜಿನನ್ನು ಗುಜರಿಯವನು ಹೊತ್ತುಕೊಂಡು ಹೋದದ್ದನ್ನು ಭಾವ ಯಾವತ್ತೂ ಮರೆಯಲಿಲ್ಲ. "ಆವತ್ತಿಂದ ಜೀಪಿನ ಗಂಟ್ಲು ಕಟ್ಟೋಯ್ತು ಕಣೋ" ಎನ್ನುತ್ತಿದ್ದರು.

ಆ ಜೀಪಿನ ಕಾಲದಿಂದ ಇಲ್ಲಿನ ಡ್ರೈವರುಗಳಿಗೆಲ್ಲ ಒಂದು ಅಭ್ಯಾಸವಿದೆ. ಇಳಿಜಾರು ಸಿಕ್ಕಿತೆಂದರೆ ಇಂಜಿನ್ ಆಫ್ ಮಾಡಿ, ಗೇರು ತಪ್ಪಿಸಿ, ಗಾಡಿಯನ್ನು ಹಾಗೇ ಜಾರಲು ಬಿಡುತ್ತಾರೆ. ಮೊದಲು ಪೆಟ್ರೋಲ್ ಉಳಿಸುವುದಕ್ಕೆ ಮಾಡುತ್ತಿದ್ದರು, ಆನೆಗಳು ಹೆಚ್ಚಾದ ಮೇಲೆ ಜೀವ ಉಳಿಸಿಕೊಳ್ಳುವುದಕ್ಕೆ. ಆನೆ ಇದೆ ಎಂದು ಗೊತ್ತಾದ ಜಾಗದಲ್ಲಿ ಸದ್ದಿಲ್ಲದೆ ಜಾರಿ ದಾಟಿಬಿಡುವುದು. ಭಾವ ಇದರಲ್ಲಿ ಎಲ್ಲರಿಗೂ ಗುರು.

ಹೋದ ವರ್ಷ ಕಾಫಿಗೆ ಯಾರೂ ಕನಸಿನಲ್ಲೂ ಕಾಣದ ರೇಟು ಬಂತು. ತೋಟವಿದ್ದವರ ಕೈಗೆಲ್ಲ, ಭಾವನ ಕೈಗೂ, ದುಡ್ಡು ಸೇರಿತು. ಕೆಲವರು ಮನೆಗೆ ಟೈಲ್ಸ್ ಹಾಕಿಸಿದರು, ಕೆಲವರು ಮದುವೆ ಮಾಡಿದರು. ನಮ್ಮ ಭಾವ, ಅರವತ್ತೊಂದು ವಯಸ್ಸಿನ ಮನುಷ್ಯ, ಮೊಬೈಲಿನಲ್ಲಿ ಒಂದು ಸುದ್ದಿ ನೋಡಿಕೊಂಡು ನನ್ನ ಹತ್ತಿರ ಬಂದರು. ಯಾವುದೋ ಹೊರದೇಶದ ಕಂಪನಿ ದೊಡ್ಡ ಪೆಟ್ರೋಲ್ ಇಂಜಿನ್ನಿನ ಕಾರು ಮಾಡುವುದನ್ನು ನಿಲ್ಲಿಸುತ್ತದಂತೆ, ಮುಂದೆ ಬರೀ ಬ್ಯಾಟರಿ ಕಾರಂತೆ.

"ಎಂಟು ಸಿಲಿಂಡರ್ ಕಣೋ ರವಿ. ಇನ್ಮೇಲೆ ಇಂಥಾ ಇಂಜಿನ್ ಹುಟ್ಟಲ್ಲ. ಒಂದ್ಸಲ ನಾನೇ ಕೈಯಾರೆ ಕಿತ್ತಾಕಿದೀನಿ. ಈ ಸಲ ಬಿಡಾಕಿಲ್ಲ."

ಸಕಲೇಶಪುರದ ಸಂತೆಗೆ ಇಂಗ್ಲೆಂಡಿನ ರಾಜಕುಮಾರನ ರಥ ಯಾಕೆ ಭಾವ ಎಂದು ಕೇಳಬೇಕೆನಿಸಿತು.

ಕಾರು ಬಂತು. ಕಪ್ಪು ಬಣ್ಣ, ಎರಡೇ ಬಾಗಿಲು, ನೆಲಕ್ಕೆ ಅಂಟಿದಂಥ ಹೊಟ್ಟೆ. ನಮ್ಮ ಜೀಪ್ ದಾರಿ ಹತ್ತುವ ಮಾತೇ ಇಲ್ಲ. ಭಾವ ಡಾಂಬರು ರಸ್ತೆಯ ಪಕ್ಕ ಅದಕ್ಕೆಂದೇ ಒಂದು ಶೀಟಿನ ಶೆಡ್ಡು ಕಟ್ಟಿಸಿದ್ದರು. ಶೋರೂಮಿನವನು ಎರಡು ಗಂಟೆ ಎಲ್ಲವನ್ನೂ ವಿವರಿಸಿದ್ದನಂತೆ. ಭಾವ ಹೂಂ ಹೂಂ ಎಂದು ತಲೆಯಾಡಿಸಿ ಬಂದಿದ್ದರು. ಅವರು ಮೊದಲ ಸಲ ಬಟನ್ ಒತ್ತಿ ಸ್ಟಾರ್ಟ್ ಮಾಡಿದಾಗ ಶೆಡ್ಡಿನ ಶೀಟೆಲ್ಲ ಗಡಗಡ ನಡುಗಿತು, ಗದ್ದೆಯಾಚೆಗಿನ ನಾಯಿಗಳು ಬೊಗಳಿದವು. ಭಾವನ ಕಣ್ಣಲ್ಲಿ ನೀರು. ನಾನು ಆಗಲೇ ಹತ್ತು ಮಾರು ದೂರ ಹೋಗಿ ನಿಂತಿದ್ದೆ.

"ಆನೆ ಓಡಾಡೋ ಜಾಗಕ್ಕೆ ಇದೇನ್ರೀ ತಂದ್ರಿ? ಬ್ಯಾಟರೀದಾದ್ರೆ ಸದ್ದಾದ್ರೂ ಇರ್ತಿರ್ಲಿಲ್ಲ" ಎಂದಳು ಅಕ್ಕ.

"ಸದ್ದಿಲ್ದಿರೋದು ಗಾಡಿ ಏನೇ? ಅದು ಮಿಕ್ಸಿ" ಎಂದರು ಭಾವ. ಮಿಕ್ಸಿ ಇದಕ್ಕಿಂತ ಹೆಚ್ಚು ಸದ್ದು ಮಾಡುತ್ತದೆ ಎಂದು ಅವರಿಗೆ ಹೇಳುವವರು ಯಾರು?

ಆಮೇಲೆ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದಳು. "ಕಾರು ಮನೆ ಹಾಳಾಗೋಗ್ಲಿ. ಇವ್ರಿಗೇನಾದ್ರೂ ಹೆಚ್ಚುಕಮ್ಮಿ ಆದ್ರೆ ನಮ್ ಹದಿನಾಲ್ಕು ಮನೆ ಗತಿ ಏನೋ?" ಅವತ್ತಿನಿಂದ ಆ ಕಾರಿನ ಸದ್ದು ಕೇಳಿದಾಗಲೆಲ್ಲ ಹಾಜರಿ ಪುಸ್ತಕ ಮುಚ್ಚಿಟ್ಟು, ಅದು ವಾಪಸ್ ಬರುವವರೆಗೆ ಕಿವಿ ಕೊಟ್ಟುಕೊಂಡು ಕೂರುತ್ತಿದ್ದೆ. ಇವರು ಸತ್ತರೆ ಏನು ಮಾಡೋಣ ಎಂಬುದೊಂದೇ ಯೋಚನೆ.

ಏಪ್ರಿಲ್ ತಿಂಗಳ ಒಂದು ಭಾನುವಾರ ಆಲೂರಿನಲ್ಲಿ ನೆಂಟರ ಮನೆಯ ನಾಮಕರಣ. ಬರಲ್ಲ ಎಂದರೆ ಅಕ್ಕ ಒಬ್ಬಳೇ ಆ ಕಾರಿನಲ್ಲಿ ಹೋಗಬೇಕು. ಹೊರಟೆ. ಮುಂದಿನ ಸೀಟು ಮಡಚಿ ನನ್ನನ್ನು ಹಿಂದಕ್ಕೆ ತುರುಕಿದರು. ಹಿಂದೆ ಬಾಗಿಲೇ ಇಲ್ಲ. ಮುಂದಿನವರು ಇಳಿದು ಸೀಟು ಬಗ್ಗಿಸಿದರೆ ಮಾತ್ರ ನಾನು ಹೊರಗೆ ಬರಬೇಕು.

ಬೆಳಿಗ್ಗೆ ಸುಮಾರು ಎಂಟು ಗಂಟೆ. ಉದ್ದನೆಯ ಇಳಿಜಾರಿನ ತಲೆಗೆ ಬಂದಾಗ ನನ್ನ ಮೊಬೈಲಿಗೆ, ಆನೆ ಎಲ್ಲಿದೆ ಎಂದು ತಿಳಿಸುವ ವಾಟ್ಸಾಪ್ ಗ್ರೂಪಿನ ಮೆಸೇಜು ಬಂತು. ಕೆಳಗಿನ ಮೋರಿ ಹತ್ತಿರ ಒಂಟಿ ಸಲಗ, ಬೈಕಿನವರನ್ನು ಅಟ್ಟಿಸಿಕೊಂಡು ಬಂದಿದೆ, ಎಚ್ಚರ. ನಾನು ಓದಿ ಹೇಳಿದೆ. ನಿಲ್ಲಿಸಿ ಭಾವ, ವಾಪಸ್ ಹೋಗೋಣ ಎಂದೂ ಹೇಳಿದೆ.

"ಸುಮ್ಕಿರೋ ಮಾರಾಯ. ಸದ್ದು ಮಾಡಿದ್ರೆ ತಾನೆ? ಜಾರ್ಸ್ಕಂಡು ಹೋಗ್ಬುಡ್ತೀನಿ."

ಗೇರು ತಪ್ಪಿಸಿದರು. ಬಟನ್ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಒತ್ತಿ ಹಿಡಿದರು. ಆ ಗುಡುಗು ಥಟ್ಟನೆ ನಿಂತಿತು. ಟೈರಿನ ಸರಸರ ಸದ್ದು ಬಿಟ್ಟರೆ ಏನೂ ಇಲ್ಲ. ಭಾವ ನನ್ನ ಕಡೆ ತಿರುಗಿ, ನೋಡಿದೆಯಾ ಎಂಬಂತೆ ಹುಬ್ಬು ಹಾರಿಸಿದರು.

ಕಾರು ಭಾರವಿತ್ತು, ಬೇಗ ವೇಗ ಹಿಡಿಯಿತು. ಮೊದಲ ತಿರುವಿಗೆ ಭಾವ ಬ್ರೇಕ್ ತುಳಿದರು, ಹಿಡಿಯಿತು. ಎರಡನೇ ತಿರುವಿಗೆ ತುಳಿದರು, ಅರ್ಧ ಹಿಡಿಯಿತು. ಮೂರನೆಯ ಸಲ ಅವರ ಮೈಯೆಲ್ಲ ಸೀಟಿನಿಂದ ಮೇಲೆದ್ದಿತು, ಪೆಡಲ್ ಮಾತ್ರ ಅಲ್ಲಾಡಲಿಲ್ಲ. ಅದು ಮರದ ದಿಮ್ಮಿಯ ಹಾಗೆ ನಿಂತುಬಿಟ್ಟಿತ್ತು. ಇಂಥ ಕಾರುಗಳಲ್ಲಿ ಬ್ರೇಕಿಗೂ ಸ್ಟೇರಿಂಗಿಗೂ ಇಂಜಿನ್ನೇ ಬಲ, ಇಂಜಿನ್ ಆರಿದರೆ ಎರಡೂ ಸೆಟೆದುಕೊಳ್ಳುತ್ತವೆ ಎಂದು ನಮಗೆ ಗೊತ್ತಾದದ್ದು ಆಮೇಲೆ. ಹಳೇ ಜೀಪಿಗೆ ಅಂಥ ಉಪಕಾರ ಬೇಕಿರಲಿಲ್ಲ, ಅದು ಕಾಲಿನ ಬಲಕ್ಕೇ ನಿಲ್ಲುತ್ತಿತ್ತು.

"ರೀ, ನಿಲ್ಸ್ರೀ!"

"ನಿಲ್ತಾ ಇಲ್ವಲ್ಲೇ!"

ತಿರುವಿನಾಚೆ, ಮೋರಿಗಿಂತ ಈಚೆಗೇ, ರಸ್ತೆಯ ಅರ್ಧಕ್ಕೆ ಅಡ್ಡವಾಗಿ ಸಲಗ ನಿಂತಿತ್ತು. ನಾನು ಕಿರುಚಿದೆನೋ ಇಲ್ಲವೋ ನೆನಪಿಲ್ಲ. ಕಿರುಚಲು ಬಾಯಿ ತೆರೆದದ್ದು ನೆನಪಿದೆ. ಭಾವ ಎರಡೂ ಕಾಲು ಊರಿ ತುಳಿಯುತ್ತಿದ್ದರು. ಇಂಜಿನ್ ಮತ್ತೆ ಹಾಕಬಹುದಿತ್ತು, ಅದು ಆ ಹೊತ್ತಿಗೆ ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅಕ್ಕನ ಕೈ ಮಾತ್ರ ತಾನಾಗೇ ಹೋಯಿತು. ಮೂವತ್ತು ವರ್ಷ ಜೀಪಿನಲ್ಲಿ ಪಕ್ಕ ಕೂತು, ಏರಿನಲ್ಲಿ ಗಾಡಿ ನಿಂತಾಗಲೆಲ್ಲ ಹ್ಯಾಂಡ್‌ಬ್ರೇಕ್ ಎಳೆದು ಹಿಡಿಯುವ ಕೆಲಸ ಅವಳದ್ದೇ ಆಗಿತ್ತು. ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಕಾರಿನ ಹಿಂಭಾಗ ಅಡ್ಡಡ್ಡ ಎಳೆಯಿತು, ಮಣ್ಣಿನ ದಿಬ್ಬಕ್ಕೆ ಗುದ್ದಿ, ಉಜ್ಜಿಕೊಂಡು ಹೋಗಿ, ನಿಂತಿತು.

ಆನೆಗೂ ನಮಗೂ ನಡುವೆ ಎರಡು ಕಾಫಿ ಗಿಡ ನೆಡುವಷ್ಟು ಜಾಗವಿತ್ತು. ಅದು ಕಿವಿ ಅಗಲಿಸಿ ನೋಡಿತು. ಈಗ ಸ್ಟಾರ್ಟ್ ಮಾಡಿದರೆ ಆ ಸದ್ದಿಗೆ ಮೈಮೇಲೇ ಬರುತ್ತದೆ. ಮಾಡದಿದ್ದರೆ ಬಾಗಿಲಿಲ್ಲದ ಡಬ್ಬಿಯಲ್ಲಿ ನಾನು. ಆನೆ ಎರಡು ಹೆಜ್ಜೆ ಮುಂದೆ ಬಂತು. ಸೊಂಡಿಲ ತುದಿ ಬಾನೆಟ್ಟಿನ ಮೇಲೆ ಆಡಿತು, ಬಿಸಿಗೆ ಹಿಂದಕ್ಕೆ ಹೋಯಿತು, ಮತ್ತೆ ಬಂತು. ಅಕ್ಕನ ತುಟಿ ಅಲ್ಲಾಡುತ್ತಿತ್ತು. ನಾನು ಉಸಿರು ಬಿಡದೆ ಕೂತಿದ್ದೆ, ಪಂಚೆ ಒದ್ದೆಯಾಗಿತ್ತು ಎಂದು ಹೇಳಲು ನನಗೇನೂ ಸಂಕೋಚವಿಲ್ಲ. ಎಷ್ಟು ಹೊತ್ತೋ ಆದ ಮೇಲೆ ಅದು ತಿರುಗಿ, ಬೇಲಿಯ ತಂತಿ ಮೆಟ್ಟಿಕೊಂಡು ತೋಟದೊಳಕ್ಕೆ ಇಳಿದು ಹೋಯಿತು.

ಭಾವ ಇಳಿದು ಮೋರಿ ಕಟ್ಟೆಯ ಮೇಲೆ ಕೂತರು. ಬೀಡಿ ತೆಗೆದರು, ಕಡ್ಡಿ ಗೀರಲು ಆಗಲಿಲ್ಲ. ನಾಲ್ಕು ಕಡ್ಡಿ ಮುರಿದವು. ಐದನೆಯದನ್ನು ಅಕ್ಕ ಗೀರಿ ಹಚ್ಚಿ ಕೊಟ್ಟಳು. ಅದನ್ನು ನಾನು ನೋಡಬಾರದಿತ್ತು.

ಕಾರನ್ನು ಎಳೆದು ತಂದು ಶೆಡ್ಡಿಗೆ ಸೇರಿಸಿದರು, ಭಾವ ಅದರ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಖುಷಿಯೋ ಖುಷಿ. ಕಾರಿನ ಕಾಟ ತಪ್ಪಿತು, ಭಾವ ಉಳಿದರು. ಈ ಖುಷಿ ಒಂದು ವಾರ ಇತ್ತು.

ಆಮೇಲೆ ತಿಳಿಯಿತು, ಅವರು ಜೀಪನ್ನೂ ಮುಟ್ಟುತ್ತಿಲ್ಲ. ಯಾರು ಕರೆದರೂ ಬ್ಯಾಟರಿ ವೀಕು, ಟೈರು ಸವೆದಿದೆ, ಸೊಂಟ ನೋವು. ಮೇ ತಿಂಗಳು ಹೋಯಿತು, ಜೂನ್ ಹೋಯಿತು. ಜನ ಅಕ್ಕಿ ಮೂಟೆ ಹೆಗಲ ಮೇಲೆ ಹೊತ್ತು ಹತ್ತಿದರು. ಒಂದು ಸಂಜೆ ಜೀಪಿನ ಕೊಟ್ಟಿಗೆಗೆ ಇಣುಕಿದರೆ ಭಾವ ಸೀಟಿನಲ್ಲಿ ಕೂತಿದ್ದರು. ಇಂಜಿನ್ ಆಫ್. ಬ್ರೇಕ್ ತುಳಿಯುತ್ತಿದ್ದರು, ಬಿಡುತ್ತಿದ್ದರು, ಮತ್ತೆ ತುಳಿಯುತ್ತಿದ್ದರು. ನಾನು ಸದ್ದು ಮಾಡದೆ ವಾಪಸ್ ಬಂದೆ. ಸಲಗದ ಎದುರು ಕೂತಾಗಲೂ ಅಷ್ಟು ಭಯವಾಗಿರಲಿಲ್ಲ.

ಜುಲೈನಲ್ಲಿ ಒಂದು ಮಧ್ಯಾಹ್ನ, ಮೂರೂವರೆ ಇರಬಹುದು, ಆಳುಗಳ ಲೈನ್‌ಮನೆಯ ಮೋಹಿತ್ ಮಳೆಯಲ್ಲಿ ನೆನೆದುಕೊಂಡು ಅಕ್ಕನ ಮನೆಗೆ ಓಡಿ ಬಂದ. ಅವನ ಹೆಂಡತಿ ಸುಚಿತ್ರಾಗೆ ದಿನ ತುಂಬುವ ಮೊದಲೇ ನೋವು ಶುರುವಾಗಿತ್ತು, ರಕ್ತ ಹೋಗುತ್ತಿತ್ತು.

"ಗುಂಡಣ್ಣಾ, ಜೀಪು ತೆಗೀರಿ. ಕೈ ಮುಗಿತೀನಿ."

ಭಾವ ಎದ್ದು ನಿಂತರು. ಮತ್ತೆ ಕೂತರು. "ನನ್ ಕೈಲಾಗಲ್ಲ ಕಣೋ. ಬೇರೆ ಯಾರ್ನಾದ್ರೂ ನೋಡು" ಎಂದರು. ಬೇರೆ ಯಾರೂ ಇಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಅಕ್ಕ ಬೈಯಲಿಲ್ಲ, ಅಳಲಿಲ್ಲ. ಒಳಗೆ ಹೋಗಿ ಜೀಪಿನ ಕೀ ತಂದು ಅವರ ತೊಡೆಯ ಮೇಲಿಟ್ಟಳು. "ನಾನು ಹಿಂದೆ ಅವ್ಳನ್ನ ಹಿಡ್ಕಂಡು ಕೂರ್ತೀನಿ. ರವಿ ಮುಂದೆ ಕೂರ್ತಾನೆ. ಹೆದ್ರಿಕೆ ಇದ್ರೆ ಹೆದ್ರಿಕೆ ಇಟ್ಕಂಡೇ ಓಡ್ಸಿ" ಎಂದಳು.

ನನ್ನನ್ನು ಕೇಳಿದವರು ಯಾರು? ಹತ್ತಿ ಕೂತೆ.

ಹಿಂದೆ ಸುಚಿತ್ರಾ ನರಳುತ್ತಿದ್ದಳು. ಮಂಜು ಬಾನೆಟ್ಟಿನ ತುದಿಯವರೆಗೆ ಬಂದು ನಿಂತಿತ್ತು, ವೈಪರ್ ಆಡುತ್ತಿತ್ತು, ಗಾಜು ಮಾತ್ರ ತಿಳಿಯಾಗುತ್ತಿರಲಿಲ್ಲ. ಭಾವ ಇಂಜಿನ್ ಆಫ್ ಮಾಡಲಿಲ್ಲ, ಒಂದನೇ ಗೇರಿನಿಂದ ಎರಡಕ್ಕೆ ಹೋಗಲಿಲ್ಲ. ಪ್ರತಿ ಕಲ್ಲಿಗೂ ಬ್ರೇಕ್ ಮುಟ್ಟಿ ನೋಡುತ್ತಿದ್ದರು. ಹಿಂದಿನಿಂದ ಮೋಹಿತ್ "ಬೇಗ ಅಣ್ಣಾ, ಬೇಗ" ಎನ್ನುತ್ತಿದ್ದ.

"ನಂಗೆ ಹೆದ್ರಿಕೆ ಆಗ್ತೈತೆ ಕಣೋ" ಎಂದರು ಭಾವ, ಎಲ್ಲರಿಗೂ ಕೇಳುವಂತೆ.

ಈ ಮನುಷ್ಯ ಸ್ವಲ್ಪ ಹೆದರಲಿ ಎಂದು ನಾನು ಎಷ್ಟು ವರ್ಷ ದೇವರನ್ನು ಬೇಡಿಕೊಂಡಿದ್ದೆ! ನಾನು ಇಷ್ಟು ವರ್ಷ ಆರಾಮಾಗಿ ಪುಕ್ಕಲನಾಗಿ ಇದ್ದದ್ದು ಅವರು ಹೆದರುವುದಿಲ್ಲ ಎಂಬ ಒಂದೇ ಧೈರ್ಯದ ಮೇಲೆ ಎಂದು ಆಗ ಅರ್ಥವಾಯಿತು. ಈಗ ಇಬ್ಬರೂ ಹೆದರಿದರೆ ಹಿಂದೆ ಮಲಗಿದವಳ ಗತಿ?

ಪ್ರಪಾತದ ತಿರುವು ಬಂತು. ಭಾವ ಜೀಪು ನಿಲ್ಲಿಸಿಯೇ ಬಿಟ್ಟರು. ಮುಖದ ಮೇಲೆ ಬೆವರು ಇಳಿಯುತ್ತಿತ್ತು. ನನ್ನ ಕಡೆ ತಿರುಗಿದರು. ಆ ದಾರಿಯಲ್ಲಿ ಅವರು ಅದುವರೆಗೆ ಯಾರನ್ನೂ ಏನನ್ನೂ ಕೇಳಿದವರಲ್ಲ.

"ರವಿ, ನಿನ್ ಕಡೆ ದಾರಿ ಕಾಣ್ತೈತೇನೋ?"

ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದೆ. ಬರೀ ಬಿಳಿ. ಚಕ್ರ ಕೂಡ ಕಾಣುತ್ತಿರಲಿಲ್ಲ. ಜೀಪಿನಿಂದ ಇಳಿದೆ. ಕಾಲಲ್ಲಿ ನೆಲ ತಡಕಿ, ಅಂಚು ಎಲ್ಲಿದೆ ಎಂದು ನೋಡಿಕೊಂಡು, ಆ ಅಂಚಿಗೂ ಚಕ್ರಕ್ಕೂ ನಡುವೆ ಹೋಗಿ ನಿಂತು ಬಾನೆಟ್ಟಿನ ಮೇಲೆ ಕೈಯಿಟ್ಟೆ.

"ಕಾಣ್ತೈತೆ ಭಾವ" ಎಂದೆ. "ನನ್ ಕೈ ನೋಡ್ಕಂಡು ಬನ್ನಿ."