ಬಳೆ ಸದ್ದಿಲ್ಲದ ಸೊಸೆ

ನನ್ನತ್ತೆಗೆ ನಾನೆಂದರೆ ಸದ್ದು. ಕಣ್ಣಿನ ನರ ಒಣಗಿದೆ, ಇನ್ನೇನೂ ಮಾಡುವಂತಿಲ್ಲ ಎಂದು ಡಾಕ್ಟರು ಕೈಚೆಲ್ಲಿದ ಮೇಲೆ ಅವರು ಒಂದಷ್ಟು ದಿನ ಅತ್ತರು, ಆಮೇಲೆ ಮನೆಯನ್ನು ಕಿವಿಯಿಂದ ನೋಡಲು ಶುರುಮಾಡಿದರು. ನಾನು ಎಲ್ಲಿದ್ದೇನೆ, ಏನು ಮಾಡುತ್ತಿದ್ದೇನೆ, ಯಾರ ಮೇಲೆ ಮುಖ ಊದಿಸಿಕೊಂಡಿದ್ದೇನೆ ಎಲ್ಲವೂ ಅವರಿಗೆ ಬಳೆಯಿಂದ, ಒಗ್ಗರಣೆಯಿಂದ, ನನ್ನ ಬಾಯಿಂದ ಗೊತ್ತಾಗುತ್ತಿತ್ತು. ಬಾಯಿ ನನಗೆ ಕಡಿಮೆಯೇನಿರಲಿಲ್ಲ. ಮಧುಗಿರಿಯ ನಮ್ಮ ಬೀದಿಯಲ್ಲಿ ಈ ತುದಿಯ ಜಗಲಿಯಿಂದ ಆ ತುದಿಯ ಸೊಪ್ಪಿನವಳನ್ನು ಕೂಗಿ ನಿಲ್ಲಿಸುವ ಗಂಟಲು ನನ್ನದೊಂದೇ ಇತ್ತು.

ನಾವಿಬ್ಬರೂ ಜಗಳಗಂಟಿಯರು. ಹುಣಸೆ ತೊಕ್ಕಿಗೆ ಬೆಲ್ಲ ಬೇಕೋ ಬೇಡವೋ ಎಂದು ಶುರುವಾದ ಮಾತು ನನ್ನ ತವರು, ಅವರ ತವರು, ಸತ್ತುಹೋದ ನೆಂಟರು ಎಲ್ಲರನ್ನೂ ಸುತ್ತಿಕೊಂಡು ಮತ್ತೆ ತೊಕ್ಕಿಗೇ ಬಂದು ನಿಲ್ಲುತ್ತಿತ್ತು. ನನ್ನ ತವರು ಪಾವಗಡದಾಚೆ, ರಾಯಚರ್ಲು ಕಡೆ. ಸಿಟ್ಟು ಏರಿದರೆ ನನಗೆ ಕನ್ನಡ ಸಾಲದೆ ತೆಲುಗು ಬಂದುಬಿಡುತ್ತದೆ. ಆಗ ಅತ್ತೆ, "ಬಂತ್ನೋಡು ಆಂಧ್ರದ ಬಸ್ಸು" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಏಕವಚನದಲ್ಲೇ ಕಿತ್ತಾಡಿ, ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದು ತಿನ್ನುತ್ತಿದ್ದೆವು. ಅದು ಸುಖ ಅಂತ ಆಗ ಗೊತ್ತಿರಲಿಲ್ಲ.

ಹೊಸ ಕೆಲಸ ಬಂದದ್ದೂ ಈ ಗಂಟಲಿನಿಂದಲೇ. ನಾನು ನರ್ಸರಿ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದೆ. ಮಕ್ಕಳಿಗೆ ಲಸಿಕೆ ಹಾಕುವ ದಿನಗಳಲ್ಲಿ ಆಟೋದಲ್ಲಿ ಕೂಗಿಸಲು ನನ್ನ ದನಿಯಲ್ಲಿ ರೆಕಾರ್ಡು ಮಾಡಿಸುತ್ತಿದ್ದರು. ಅದನ್ನು ಕೇಳಿದ ಯಾರೋ ಇನ್ಯಾರಿಗೋ ಹೇಳಿ, ಯಂತ್ರಗಳಿಗೆ ಮಾತು ಕೊಡುವ ಕಂಪನಿಯೊಂದು ಫೋನು ಮಾಡಿತು. ಮನೆಯಲ್ಲೇ ಕೂತು ಮಾಡುವ ಕೆಲಸ, ಶಾಲೆ ಬಿಟ್ಟು ಒಪ್ಪಿಕೊಂಡೆ. ಮೈಕು, ಕಂಪ್ಯೂಟರು ಅವರೇ ಕಳಿಸಿದರು. ಕೋಣೆಯೊಂದನ್ನು ಸದ್ದು ಒಳಬಾರದ ಹಾಗೆ ಮಾಡಿಕೊಳ್ಳಿ ಎಂದರು.

ನಮ್ಮಲ್ಲಿ ಕಡಲೆಕಾಯಿ ಮೂಟೆ ಇಡುತ್ತಿದ್ದ, ಕಿಟಕಿಯಿಲ್ಲದ ಕೋಣೆಯೊಂದಿತ್ತು. ಅದರ ಗೋಡೆಗಳಿಗೆಲ್ಲ ಕೌದಿ ಹೊಡೆದೆವು. ಕಣ್ಣಿದ್ದಾಗ ಅತ್ತೆ ಕೈಯಾರೆ ಹೊಲಿದ ಕೌದಿಗಳು. ಅವರ ಹಳೇ ಸೀರೆ, ಮಾವನ ಪಂಚೆ, ನನ್ನ ಗಂಡನ ಶಾಲೆಯ ಅಂಗಿ ಎಲ್ಲವೂ ಅದರಲ್ಲಿದ್ದವು. ಬಾಗಿಲು ಹಾಕಿಕೊಂಡು ಮಾತಾಡಿದರೆ ಮಾತು ಬಾಯಿಂದಾಚೆ ಹೋದ ಕೂಡಲೇ ಇಲ್ಲವಾಗುತ್ತಿತ್ತು. ಮೊದಲ ದಿನ ಅಲ್ಲಿ ಕೂತು "ನಮಸ್ಕಾರ" ಎಂದಾಗ ಸುತ್ತಲೂ ಯಾರೋ ಒತ್ತೊತ್ತಾಗಿ ನಿಂತು ಕೇಳಿಸಿಕೊಂಡು ಸುಮ್ಮನಾದಂತೆ ಅನಿಸಿತು.

ಕೆಲಸ ಹೇಳುವವಳು ಬೆಂಗಳೂರಿನ ಒಬ್ಬ ಹುಡುಗಿ, ಬಲು ನಯ. ದಿನವೂ ಫೋನಿನಲ್ಲಿ ಒಂದೊಂದು ಕಟ್ಟಳೆ ಹೇಳುತ್ತಿದ್ದಳು. ಬಳೆ ಸದ್ದು ಬರುತ್ತಿದೆ ಮೇಡಂ, ತೆಗೆದಿಡಿ. ಖಾರ, ಹುಳಿ, ಕರಿದದ್ದು ಬೇಡ, ದನಿ ಒಡೆಯುತ್ತದೆ. ಕೂಗಬೇಡಿ, ಜೋರಾಗಿ ನಗಬೇಡಿ. ಮನೆಯಲ್ಲೂ ಪುಸ್ತಕದ ಕನ್ನಡವನ್ನೇ ಆಡಿ, ನಾಲಿಗೆ ಒಗ್ಗಲಿ. ನಾನು ಹೂಂ ಅಂದೆ. ಸುಳ್ಳೇಕೆ ಹೇಳಲಿ, ನನಗೆ ಹೆಮ್ಮೆಯಾಗಿತ್ತು. ಬಾಯಿಬಡುಕಿ ಎಂದು ಕರೆಸಿಕೊಂಡವಳನ್ನು ಯಾರೋ ಆರ್ಟಿಸ್ಟ್ ಎಂದರೆ ಯಾರಿಗೆ ಬೇಡ? ಬೆಳಗಿನಿಂದ ಸಂಜೆಯವರೆಗೂ ಒಂದೇ ಮಾತನ್ನು ಹತ್ತು ಬಗೆಯಲ್ಲಿ ಹೇಳುತ್ತಿದ್ದೆ. ಎಡಕ್ಕೆ ತಿರುಗಿ. ದಯವಿಟ್ಟು ನಿರೀಕ್ಷಿಸಿ. ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ. ಆ "ಕ್ಷಮಿಸಿ"ಯನ್ನಂತೂ ಒಂದು ಸಲ ಸಂಕಟದಿಂದ, ಒಂದು ಸಲ ಪ್ರೀತಿಯಿಂದ, ಒಂದು ಸಲ ನಿಜವಾಗಲೂ ತಪ್ಪು ಮಾಡಿದವಳ ಹಾಗೆ ಎಂದು ಹಿಂಡಿಹಿಂಡಿ ಹೇಳಿಸಿದರು.

ಮನೆ ತಣ್ಣಗಾಯಿತು. ಬಳೆ ಡಬ್ಬಿ ಸೇರಿದವು. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕುವುದು ಬಿಟ್ಟೆ, ಘಾಟಿಗೆ ಕೆಮ್ಮು ಬರುತ್ತದೆಂದು. ಶಿರಾಕ್ಕೆ ಹೋದಾಗಲೆಲ್ಲ ಬಸ್ ಸ್ಟ್ಯಾಂಡಿನ ಎದುರು ನಿಂತು ಮೆಣಸಿನಕಾಯಿ ಬೋಂಡ ತಿನ್ನುತ್ತಿದ್ದವಳು ಈಗ ಮೂಗು ಮುಚ್ಚಿಕೊಂಡು ದಾಟತೊಡಗಿದೆ. ಸಂಜೆ ಕೋಣೆಯಿಂದ ಹೊರಬಂದಾಗ ಗಂಟಲಿನಲ್ಲಿ ಏನೂ ಉಳಿದಿರುತ್ತಿರಲಿಲ್ಲ. ನಡುಮನೆಯಲ್ಲಿ ಕೂತ ಅತ್ತೆ ಮುಖವೆತ್ತಿ, "ಯಾರು?" ಎನ್ನುತ್ತಿದ್ದರು. ಗಂಟಲು ಉಳಿಸಿಕೊಳ್ಳುವ ಚಿಂತೆಯಲ್ಲಿ ನಾನು ಅವರ ಕೈಮೇಲೆ ಮೆಲ್ಲಗೆ ತಟ್ಟಿ ಒಳಗೆ ಹೋಗುತ್ತಿದ್ದೆ. ತಟ್ಟಿದ ಕೈಯನ್ನು ಅವರು ಮೂಸಿ ನೋಡಿಕೊಳ್ಳುತ್ತಿದ್ದುದನ್ನು ಕಂಡಿದ್ದೆ. ಮುದುಕಿಗೆ ಅರಳುಮರಳು ಅಂದುಕೊಂಡೆ.

ತುಸು ಕಾಲದ ಮೇಲೆ ನನ್ನ ದನಿ ಊರಿಗೆ ಬಂತು. ಬೀದಿ ಕೊನೆಯ ಕುಡಿಯುವ ನೀರಿನ ಘಟಕಕ್ಕೆ ಮಾತಾಡುವ ಹೊಸ ಯಂತ್ರ ಹಾಕಿದ್ದರು. ಕ್ಯಾನು ಹಿಡಿದು ಹೋಗಿ ನಿಂತರೆ ಡಬ್ಬದೊಳಗಿಂದ ನಾನೇ, "ನಮಸ್ಕಾರ. ದಯವಿಟ್ಟು ಕ್ಯಾನನ್ನು ನಲ್ಲಿಯ ಕೆಳಗೆ ಇಡಿ" ಎಂದೆ. ಸಾಲಿನಲ್ಲಿದ್ದವರು ನನ್ನ ಕಡೆ ತಿರುಗಿ ನಕ್ಕರು. ನಾನೂ ನಕ್ಕೆ. ನೀರು ಹೊತ್ತು ತರುವಾಗ ಮಾತ್ರ ಬೆನ್ನ ಹಿಂದೆ ನನ್ನ ದನಿ ಇನ್ಯಾರಿಗೋ ನಮಸ್ಕಾರ ಹೇಳುತ್ತಿದ್ದುದು ಸರಿಬರಲಿಲ್ಲ. ಕೊರಟಗೆರೆಯಲ್ಲೂ ಕೇಳಿದೆ ಎಂದರು ಯಾರೋ. ಆಮೇಲೆ ನಮ್ಮ ಬಸ್ ಸ್ಟ್ಯಾಂಡಿನಲ್ಲೂ ಬಂತು.

ನನ್ನ ಗಂಡ ಗೂಡ್ಸ್ ಗಾಡಿ ಓಡಿಸುವವರು, ಹಗಲೆಲ್ಲ ಮನೆಯಲ್ಲಿರುವುದಿಲ್ಲ. ಅವ್ವನಿಗೆ ಹೊತ್ತು ಹೋಗಲೆಂದು ಒಂದು ಫೋನಿಗೆ ಮಾತಾಡುವ ಸಹಾಯಕಿಯನ್ನು ಹಾಕಿಕೊಟ್ಟರು. ಗಂಟೆ ಎಷ್ಟು ಎಂದರೆ ಹೇಳುತ್ತಿತ್ತು, ಮಳೆ ಬರುತ್ತಾ ಎಂದರೆ ಹೇಳುತ್ತಿತ್ತು. ಅದೂ ನಾನೇ. "ನಿನ್ ಸೊಸೇನೇ ಕಣವ್ವ, ಕೋಣೇಲಿ ಕೂತ್ಕೊಂಡು ಇದುಕ್ಕೇ ಮಾತಾಡಾದು" ಎಂದು ಅವರು ತಮಾಷೆಯಾಗಿ ಹೇಳಿದ್ದರು. ಅತ್ತೆ ನಗಲಿಲ್ಲವಂತೆ.

ಒಂದು ಮಧ್ಯಾಹ್ನ ನೀರು ಕುಡಿಯಲೆಂದು ಕೋಣೆಯ ಬಾಗಿಲು ತೆಗೆದೆ. ನಡುಮನೆಯಲ್ಲಿ ಅತ್ತೆ ನನ್ನೊಂದಿಗೆ ಮಾತಾಡುತ್ತಿದ್ದರು.

"ನನ್ ಮ್ಯಾಲೆ ಕ್ವಾಪಾನೇನೆ?" ಎಂದರು ಫೋನನ್ನು ಎರಡು ಕೈಯಲ್ಲೂ ಹಿಡಿದು.

"ಕ್ಷಮಿಸಿ" ಎಂದಿತು ನನ್ನ ದನಿ, "ನನಗೆ ಅರ್ಥವಾಗಲಿಲ್ಲ."

ತಪ್ಪು ಮಾಡಿದವಳ ಹಾಗೆ ಹೇಳಿದ "ಕ್ಷಮಿಸಿ" ಅದು. ಮದುವೆಯಾಗಿ ಬಂದಾಗಿನಿಂದ ನಾನು ಅತ್ತೆಗೆ ಒಮ್ಮೆಯೂ ಕ್ಷಮೆ ಕೇಳಿದವಳಲ್ಲ. ಅವರೂ ಕೇಳಿದವರಲ್ಲ. ಅತ್ತೆ ಫೋನನ್ನು ಮಡಿಲಲ್ಲಿಟ್ಟುಕೊಂಡು, ಮಗುವನ್ನು ತಟ್ಟುವ ಹಾಗೆ ತಟ್ಟುತ್ತ, "ಇರ್ಲಿ ಬುಡು, ಇರ್ಲಿ ಬುಡು" ಎಂದು ಅಳುತ್ತಿದ್ದರು. ನಾನು ಬಾಗಿಲಲ್ಲೇ ನಿಂತಿದ್ದೆ. ಮಾತಾಡಬೇಕು ಅನಿಸಿತು. ಆದರೆ ಸಂಜೆಯೊಳಗೆ ಕಳಿಸಬೇಕಾದ ಸಾಲುಗಳಿದ್ದವು, ಗಂಟಲು ಆಗಲೇ ಉರಿಯುತ್ತಿತ್ತು. ಸದ್ದಿಲ್ಲದೆ ಬಾಗಿಲು ಹಾಕಿಕೊಂಡೆ.

ಅದಾದ ಕೆಲವೇ ದಿನಕ್ಕೆ, ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ ನಾನು ಹೊರಬಂದರೆ ನಡುಮನೆ ಖಾಲಿ. ಬೀದಿ ಬಾಗಿಲು ತೆರೆದಿತ್ತು, ಅವರ ಊರುಗೋಲಿರಲಿಲ್ಲ. ಫೋನು ಮಾತ್ರ ಚಾಪೆಯ ಮೇಲಿತ್ತು. ಮೊದಲು ನೀರಿನ ಘಟಕದ ಬಳಿ ಓಡಿದೆ. ಅಲ್ಲಿ ಸೊಪ್ಪಿನವಳು ಬುಟ್ಟಿ ಇಳಿಸಿ ಕೂತಿದ್ದಳು. "ಬಸ್ ಸ್ಟ್ಯಾಂಡಿಗೆ ಬುಡು ಅಂದ್ರು, ಕೈ ಇಡ್ಕಂಡು ಬುಟ್ಬಂದೆ ಕಣಕ್ಕ" ಎಂದಳು.

ಅತ್ತೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ, ಸ್ಪೀಕರಿನ ನೇರ ಕೆಳಗೆ ಕೂತಿದ್ದರು. ಮಡಿಲಲ್ಲಿ ಒಂದು ಸೀರೆಯ ಗಂಟು. ಮೇಲಿಂದ ನನ್ನ ದನಿ ಶಿರಾ ಬಸ್ಸು ಹೊರಡುತ್ತದೆ ಎಂದಾಗ ಅವರ ಮುಖ ಅತ್ತ ಎದ್ದಿತು. ನಾನು ಹತ್ತಿರ ಹೋಗಿ, ಅಭ್ಯಾಸವಾಗಿಹೋದ ಮೆತ್ತನೆಯ ದನಿಯಲ್ಲಿ, "ಅತ್ತೆ, ಇಲ್ಲೇಕೆ ಕುಳಿತಿದ್ದೀರಿ? ಮನೆಗೆ ಬನ್ನಿ" ಎಂದೆ.

ಅತ್ತೆ ಕೈಯನ್ನು ಎಳೆದುಕೊಂಡರು. ಬೆಂಚಿನ ಆ ತುದಿಗೆ ಸರಿದರು.

"ನೀನ್ಯಾರವ್ವ?"

"ನಾನು ಅತ್ತೆ. ನಿಮ್ಮ ಸೊಸೆ."

"ಎಲ್ಲಾ ಕಡೇನೂ ಅಂಗೇ ಅಂತೈತೆ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. "ನನ್ ಸೊಸೆ ಸತ್ತೋಗವ್ಳೆ. ಕಣ್ಣಿಲ್ದೋಳು ಅಂತ ನಂಗ್ಯಾರೂ ಏಳ್ಲಿಲ್ಲ. ಮುದ್ಕಿ ಸುಮ್ಕಿರ್ಲಿ ಅಂತ ನನ್ ಮಗ ಅವ್ಳ ದನಿ ಇಡ್ದು ಮಡಗವ್ನೆ. ಅವ್ಳು ಯಾವತ್ತು ನಂಗೆ ನೀವು ಅಂದಿದ್ಲು? ಕ್ಷಮಿಸಿ ಅನ್ನೋ ಮಾತು ಅವ್ಳ ಬಾಯಾಗೆ ಬತ್ತಿತ್ತಾ? ಬಳೆ ಸದ್ದಿಲ್ಲ, ಒಗ್ಗರಣೆ ಘಾಟಿಲ್ಲ. ಮನೇಲಿ ಯಾರೋ ಒಬ್ಳು ಓಡಾಡ್ತಾವ್ಳೆ, ಮಾತಾಡಾಕಿಲ್ಲ. ಬಂದು ಕೈ ತಟ್ತಾಳೆ, ಓಗ್ತಾಳೆ. ಯಾರ್ನ ತಂದು ಮಡಗವ್ನೋ. ಪಾವಗಡದ ಬಸ್ ಹತ್ಸವ್ವ, ಅವ್ಳ ತವರಿಗೋಗಿ ಅವ್ರವ್ವನ್ನೇ ಕೇಳ್ತೀನಿ."

ಆ ಬಿಸಿಲಿನಲ್ಲಿ ನಿಂತು ನಾನು ನನ್ನ ಬೋಳು ಮುಂಗೈ ನೋಡಿಕೊಂಡೆ. ಇಷ್ಟು ದಿನ ಈ ಹೆಂಗಸು ಮನೆಯಲ್ಲಿ ಒಬ್ಬಳೇ ಕೂತು ನನಗೆ ಸೂತಕ ಹಿಡಿದಿದ್ದಳು, ನಾನು ಗೋಡೆಯಾಚೆ ಕೌದಿಗಳ ನಡುವೆ ಕ್ಷಮಿಸಿ ಕ್ಷಮಿಸಿ ಎನ್ನುತ್ತ ಕೂತಿದ್ದೆ. ನಾನಿದ್ದೇನೆ ಎಂದು ಹೇಗೆ ಹೇಳುವುದು? ಹೇಳಬೇಕಾದ ದನಿಯೇ ಮೇಲೆ ಕೂತು, ಪಾವಗಡಕ್ಕೆ ಹೋಗುವ ಪ್ರಯಾಣಿಕರು ಬಸ್ಸು ಹತ್ತಬೇಕು ಎನ್ನುತ್ತಿತ್ತು. ಅತ್ತೆ ಗಂಟನ್ನು ಎದೆಗವುಚಿಕೊಂಡು ಎದ್ದರು.

ಆಗ ಬಂತು ಸಿಟ್ಟು. ಅತ್ತೆಯ ಮೇಲೋ ಸ್ಪೀಕರಿನ ಮೇಲೋ ನನ್ನ ಮೇಲೋ ತಿಳಿಯದು.

"ಏಮತ್ತಾ, ನೀಕು ಬುದ್ಧುಂದಾ ಲೇದಾ?" ಎಂದು ಕಿರುಚಿದೆ. "ನೇನು ಬ್ರತಿಕೇ ಉನ್ನಾ. ಬದ್ಕಿರೋಳ್ನ ಸಾಯಿಸ್ತೀಯಾ? ನಿನ್ ತೊಕ್ಕಿಗೆ ಬೆಲ್ಲ ಹಾಕಿ ಹಾಕಿ ಸಾಕಾಗೈತೆ ನಂಗೆ, ಬೀದೀಲಿ ನನ್ ಮಾನ ಬೇರೆ ಕಳೀತೀಯಾ?"

ಗಂಟಲಿನೊಳಗೆ ಏನೋ ಹರಿದ ಹಾಗಾಯಿತು. ಬಸ್ಸು ಹತ್ತುತ್ತಿದ್ದವರು ನಿಂತು ನೋಡಿದರು. ಅತ್ತೆ ಗಂಟು ಕೆಳಗೆ ಬಿಟ್ಟು ಕೈ ಮುಂದೆ ಚಾಚಿದರು. ನನ್ನ ಭುಜ ಸಿಕ್ಕಿತು, ಆಮೇಲೆ ಕತ್ತು ಸಿಕ್ಕಿತು. ಒಣಗಿದ ಬೆರಳುಗಳನ್ನು ಗಂಟಲಿನ ಮೇಲಿಟ್ಟು, "ಇನ್ನೊಂದ್ಸಲ ಬೈಯಿ" ಎಂದರು. ಬೈದೆ. ಅದುರುವುದನ್ನು ಬೆರಳಿನಲ್ಲಿ ಕೇಳಿಸಿಕೊಂಡು ಅವರು ನನ್ನ ಹೆಗಲ ಮೇಲೆ ತಲೆಯಿಟ್ಟರು. ಪಾವಗಡದ ಬಸ್ಸು ಹೊರಟುಹೋಯಿತು.

ಹಲವು ದಿನ ನನಗೆ ದನಿಯೇ ಇರಲಿಲ್ಲ. ಮರಳಿದ್ದು ತುಸು ಒರಟಾಗಿ ಮರಳಿತು. ಬೆಂಗಳೂರಿನ ಹುಡುಗಿಗೆ ಫೋನು ಮಾಡಿ ಖಡಾಖಂಡಿತವಾಗಿ ಹೇಳಿದೆ: ಇನ್ನು ಬೆಳಗ್ಗೆ ಮಾತ್ರ ಕೆಲಸ, ಮೈಕಿನ ಮುಂದೆ ಬಿಟ್ಟು ಬೇರೆಲ್ಲೂ ಬಳೆ ತೆಗೆಯುವುದಿಲ್ಲ, ಖಾರ ತಿನ್ನುತ್ತೇನೆ, ಮನೆಯಲ್ಲಿ ಕೂಗುತ್ತೇನೆ. ಕೆಲಸ ಹೋದರೆ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿದ್ದೆ. ಅವಳು ನಯವಾಗಿ, "ಪರವಾಗಿಲ್ಲ ಮೇಡಂ. ಮೊದಲು ಕೊಟ್ಟಿದ್ದೀರಲ್ಲ, ಆ ದನಿ ನಮ್ಮಲ್ಲಿದೆ. ನೀವು ಹೇಳದೇ ಇರೋದನ್ನೂ ಈಗ ಅದು ಹೇಳುತ್ತೆ" ಎಂದಳು. ಆದರೂ ಬೇಕಾದಾಗ ಅವಳು ಹೊಸ ಸಾಲುಗಳನ್ನು ಕಳಿಸುತ್ತಾಳೆ. ನನಗೆ ಆ ಕೆಲಸ ಈಗಲೂ ಇಷ್ಟವೇ. ಮಧ್ಯಾಹ್ನವಾಗುತ್ತಲೇ ಕೋಣೆಯ ಬಾಗಿಲು ಹಾಕಿ ಬಂದು, ಬಳೆ ತೊಟ್ಟು, ಒಗ್ಗರಣೆಗೆ ಎಣ್ಣೆ ಇಡುತ್ತೇನೆ. ಮನೆಯವರೆಲ್ಲ ಕೆಮ್ಮುತ್ತೇವೆ.

ಫೋನಿನಿಂದ ಸಹಾಯಕಿಯನ್ನು ತೆಗೆಸಿದ್ದಾಯಿತು. ನೀರಿನ ಘಟಕವನ್ನು ಏನೂ ಮಾಡುವಂತಿಲ್ಲ. ಸಂಜೆ ಜಗಲಿಯಲ್ಲಿ ಕೂತಾಗ ಅತ್ತೆ ನನ್ನ ಗಂಟಲಿನ ಮೇಲೆ ಕೈಯಿಟ್ಟು ಬೈಯಿ ಎನ್ನುತ್ತಾರೆ. ಬೈಯುತ್ತೇನೆ, ಅವರೂ ಬೈಯುತ್ತಾರೆ. ಮಾತು ಮುಗಿದರೂ ಕೈ ತೆಗೆಯುವುದಿಲ್ಲ. ಬೀದಿ ಕೊನೆಯಲ್ಲಿ ಯಾರಾದರೂ ಕ್ಯಾನು ತಂದು ನಿಲ್ಲುವವರೆಗೂ ಕಾಯುತ್ತಾರೆ. "ನಮಸ್ಕಾರ. ದಯವಿಟ್ಟು ಕ್ಯಾನನ್ನು ನಲ್ಲಿಯ ಕೆಳಗೆ ಇಡಿ" ಎಂಬುದು ಕೇಳುತ್ತದೆ. ಅವರ ಬೆರಳ ಕೆಳಗೆ ನನ್ನ ಗಂಟಲು ಅಲುಗಿರುವುದಿಲ್ಲ.

ಮೊನ್ನೆ ಹಾಗೇ ಕೇಳಿಸಿಕೊಂಡು, "ಅಂಗಾರೆ ಅದ್ಯಾರೆ?" ಎಂದರು.

ಅದೂ ನಾನೇ ಅನ್ನಲು ಬಾಯಿ ತೆರೆದೆ. ಆಗಲಿಲ್ಲ. "ಗೊತ್ತಿಲ್ಲ ಕಣತ್ತೆ" ಎಂದೆ.

ಅತ್ತೆ ಅತ್ತ ಮುಖ ತಿರುಗಿಸಿದರು. ಆಮೇಲೆ, "ಕತ್ಲಾಗ್ತಾ ಬಂತು, ಒಳೀಕ್ ನಡಿ" ಎಂದು ನನ್ನ ಬಳೆ ಹಿಡಿದು ಎದ್ದರು. "ಬಾಗ್ಲು ಹಾಕ್ಬುಡು. ನೀನು ಒಳಗಿದ್ದೀಯ ಅಂತ ಅದುಕ್ಕೆ ಗೊತ್ತಾಗಾದು ಬ್ಯಾಡ."

ನಾನು ಬಾಗಿಲು ಹಾಕಿ ಅಗಳಿ ಇಕ್ಕಿದೆ.